ತ್ರಿಕೋನ ಪಕ್ಕಕ್ಕಿಟ್ಟು ಹಾಳೆ ಹಾಸಿದೆವು

ಸಂಪಾದಕರೇ,

ಕ್ರೀಡಾ ಪುಟದಲ್ಲಿ ಪೂಲ್, ಅಂದರೆ ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಬೀಳಿಸುವ ಆಟದ ಬಗ್ಗೆ ಬರುವುದೇ ಅಪರೂಪ, ಬಂದರೂ ಯಾರು ಗೆದ್ದರು ಅನ್ನೋ ಎರಡು ಸಾಲು. ನಾನು ಬರೆಯುತ್ತಿರುವುದು ಆಟ ಶುರುವಾಗುವ ಮೊದಲಿನ ಅರ್ಧ ನಿಮಿಷದ ಬಗ್ಗೆ. ಅಂದರೆ ಚೆಂಡು ಜೋಡಿಸುವ ರ‍್ಯಾಕ್ ಬಗ್ಗೆ. ಇದಕ್ಕೂ ಒಂದು ಪತ್ರ ಬೇಕಾ ಅಂತ ನಗಬೇಡಿ. ನಾನು ನೋಡಿದ ಹಾಗೆ ಪೂಲ್ ಟೇಬಲ್ ಸುತ್ತ ಆಗುವ ಜಗಳದಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುವುದು.

ಆಡುವವರಿಗೆಲ್ಲ ಗೊತ್ತಿರುವ ದೃಶ್ಯ ಇದು. ಮರದ ತ್ರಿಕೋನದೊಳಗೆ 15 ಚೆಂಡು ತುಂಬುತ್ತೀರಿ, ಹಿಂದಿನ ಸಾಲಿಗೆ ಬೆರಳು ಕೊಟ್ಟು ಮುಂದಕ್ಕೆ ಒತ್ತುತ್ತೀರಿ, ಉಸಿರು ಬಿಗಿಹಿಡಿದು ತ್ರಿಕೋನ ಎತ್ತುತ್ತೀರಿ. ಅಷ್ಟರಲ್ಲಿ ಎರಡನೇ ಸಾಲಿನ ಒಂದು ಚೆಂಡು ಸುಮ್ನೆ ಒಂದು ಕೂದಲೆಳೆಯಷ್ಟು ಹಿಂದೆ ಜರುಗುತ್ತದೆ. ಎದುರಾಳಿ ಬಗ್ಗಿ ನೋಡಿ "ಗ್ಯಾಪ್ ಇದೆ, ಮತ್ತೆ ಹಾಕಿ" ಅಂತಾನೆ. ಮತ್ತೆ ಹಾಕಿದರೆ ಈ ಸಲ ಬೇರೆ ಕಡೆ ಗ್ಯಾಪ್. ಮೂರನೇ ಸಲಕ್ಕೆ ಇಬ್ಬರ ಮುಖವೂ ಕೆಂಪು.

ಆ ಕೂದಲೆಳೆ ಸಂದಿಯಿಂದ ಆಟವೇ ಬದಲಾಗುತ್ತದೆ ಅನ್ನೋದು ನಿಜ. ಪೂಲ್ ಚೆಂಡಿನ ಅಗಲ 57.15 ಮಿಲಿಮೀಟರ್. ಎಲ್ಲವೂ ಒಂದಕ್ಕೊಂದು ಅಂಟಿ ನಿಂತಿದ್ದರೆ ಬ್ರೇಕ್ ಅನ್ನೋ ಮೊದಲ ಹೊಡೆತದ ಪೆಟ್ಟು ಮುಂದಿನ ಚೆಂಡಿನಿಂದ ಹಿಂದಿನ ಸಾಲಿನವರೆಗೆ ಒಂದೇ ಏಟಿಗೆ ದಾಟುತ್ತದೆ. ನಡುವೆ ಸಂದಿ ಇದ್ದರೆ ಚೆಂಡು ಮೊದಲು ಆ ಸಂದಿ ದಾಟಬೇಕು, ಆಮೇಲೆ ಪಕ್ಕದ್ದಕ್ಕೆ ಬಡಿಯಬೇಕು, ಅಷ್ಟರೊಳಗೆ ದಿಕ್ಕು ತಪ್ಪಿರುತ್ತದೆ. ಎಷ್ಟೇ ಜೋರಾಗಿ ಹೊಡೆದರೂ ಚೆಂಡುಗಳು ಒಡೆದು ಹರಡುವ ಬದಲು ಗುಂಪಾಗಿಯೇ ಉಳಿಯುತ್ತವೆ. ತೋಳಿನ ಶಕ್ತಿ ಎಲ್ಲಾ ನೀರಲ್ಲಿ ಹೋಮ.

ಹಾಗಂತ ತಪ್ಪು ಬರೀ ತ್ರಿಕೋನದ್ದಲ್ಲ. ಸ್ಪಾಟ್, ಅಂದರೆ ಮುಂದಿನ ಚೆಂಡು ಇಡುವ ಗುರುತಿನ ಹತ್ತಿರ ಟೇಬಲ್ ಬಟ್ಟೆ ಸವೆದು ಚಿಕ್ಕ ಚಿಕ್ಕ ಗುಳಿ ಬಿದ್ದಿರುತ್ತವೆ, ಚೆಂಡು ತನಗೆ ಬೇಕಾದ ಗುಳಿಗೆ ಜಾರುತ್ತದೆ. ಆ ಗುಳಿ ಮಾಡುವವರೂ ನಾವೇ. ಚೆಂಡು ನಿಲ್ಲಲಿ ಅಂತ ಇನ್ನೊಂದು ಚೆಂಡಿನಿಂದ ಮೇಲೆ ಟಕ್ ಟಕ್ ಅಂತ ಕುಟ್ಟುತ್ತೇವೆ ಅಲ್ವಾ, ಅದರ ಫಲ ಇದು.

ಇದೆಲ್ಲ ಸಾಕಾಗಿ ನಾವು ಕೆಲವರು ಟೆಂಪ್ಲೇಟ್ ರ‍್ಯಾಕ್ ತರಿಸಿ ಆಡಿ ನೋಡಿದೆವು. ಕೈಗೆ ಬಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಹೊದಿಕೆಯ ಹಾಗೆ ಒಂದು ತೆಳು ಹಾಳೆ, ಅದರಲ್ಲಿ ಸಾಲಾಗಿ ರಂಧ್ರಗಳು. ಇದು ಚೆಂಡು ಹಿಡಿಯುತ್ತದಾ ಅನ್ನಿಸಿತು. ಹಾಳೆಯನ್ನು ಟೇಬಲ್ ಮೇಲೆ ಹಾಸಿ, ಮುಂದಿನ ರಂಧ್ರ ಸ್ಪಾಟ್ ಮೇಲೆ ಬರುವಂತೆ ಸರಿಮಾಡಿ, ಚೆಂಡುಗಳನ್ನು ಒಂದೊಂದಾಗಿ ಇಟ್ಟರೆ ಮುಗಿಯಿತು. ಜಾಣತನ ಇರುವುದು ಒಂದು ರಂಧ್ರದ ನಡುವಿನಿಂದ ಪಕ್ಕದ್ದರ ನಡುವಿಗೆ ಇರುವ ಅಂತರದಲ್ಲಿ. ಅದು ಚೆಂಡಿನ ಅಗಲಕ್ಕಿಂತ ಸ್ವಲ್ಪವೇ ಸ್ವಲ್ಪ ಕಡಿಮೆ. ಪ್ರತಿ ಚೆಂಡೂ ತನ್ನ ರಂಧ್ರದ ನಡುವಿಗೆ ಇಳಿಯಲು ನೋಡುತ್ತದೆ, ಪಕ್ಕದ್ದು ಬಿಡುವುದಿಲ್ಲ, ಹೀಗೆ ಎಲ್ಲವೂ ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ನಾನು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ತ್ರಿಕೋನದಲ್ಲಿ ಇಟ್ಟಾಗ ಎರಡು ಕಡೆ ಬೆಳಕಿನ ಗೆರೆ ಕಾಣುತ್ತಿತ್ತು, ಇಲ್ಲಿ ಎಲ್ಲೂ ಇಲ್ಲ. ಬ್ರೇಕ್ ಹೊಡೆದಾಗ ಸದ್ದೇ ಬೇರೆ. ಮೊದಲು ಟಕಟಕ ಅನ್ನುತ್ತಿತ್ತು, ಈಗ ಒಂದೇ 'ಠಪ್'.

ತೊಂದರೆ ಇಲ್ಲ ಅಂತಲ್ಲ. ಬ್ರೇಕ್ ಆದ ಮೇಲೆ ಹಾಳೆ ಟೇಬಲ್ ಮೇಲೆಯೇ ಇರುತ್ತದೆ, ಚೆಂಡು ಅದರ ಮೇಲಿಂದ ಹೋದ ಮೇಲೆ ತೆಗೆಯಬೇಕು. ಒಮ್ಮೆ ಹಸಿರು ಚೆಂಡು ಸರಿಯಾಗಿ ಹಾಳೆಯ ಅಂಚಿನ ಮೇಲೆ ಬಂದು ಕೂತುಬಿಟ್ಟಿತು. ತೆಗೆಯುವ ಹಾಗಿಲ್ಲ, ಬಿಟ್ಟರೆ ಹೊಡೆತಕ್ಕೆ ಅಡ್ಡ. ಕೊನೆಗೆ ಇಬ್ಬರೂ ಒಪ್ಪಿ, ಚೆಂಡಿನ ಜಾಗ ಗುರುತು ಮಾಡಿ, ಎತ್ತಿ, ಹಾಳೆ ಎಳೆದು, ಮತ್ತೆ ಇಟ್ಟೆವು. ಮೆಲ್ಲಗೆ ಉರುಳುವ ಚೆಂಡು ಅಂಚು ದಾಟುವಾಗ ಸ್ವಲ್ಪ ವಾಲುವುದನ್ನೂ ಕಂಡೆ. ಹಾಳೆಯನ್ನು ಸೊಟ್ಟಗೆ ಹಾಸಿದರೆ ಇಡೀ ಗುಂಪೇ ಸೊಟ್ಟ. ಬೇರೆ ಬೇರೆ ಸೆಟ್‌ನ ಸವೆದ ಚೆಂಡು ಬೆರೆಸಿಟ್ಟುಕೊಂಡಿದ್ದರೆ ಯಾವ ಹಾಳೆಯೂ ಕಾಪಾಡುವುದಿಲ್ಲ.

ದೊಡ್ಡ ತಕರಾರು ನೈನ್ ಬಾಲ್ ಆಡುವವರದ್ದು, ಅದರಲ್ಲಿ ಹುರುಳಿದೆ. ಅಲ್ಲಿ ಒಂಬತ್ತೇ ಚೆಂಡು, ವಜ್ರದ ಆಕಾರ. ಎಲ್ಲವೂ ಬಿಗಿಯಾಗಿ ನಿಂತರೆ ರೆಕ್ಕೆಯ ಚೆಂಡು, ಅಂದರೆ ವಜ್ರದ ಎಡಬಲ ತುದಿಯದು, ಮೂಲೆ ಪಾಕೆಟ್‌ಗೆ ಹೋಗುವ ದಾರಿ ಹೆಚ್ಚುಕಡಿಮೆ ಮೊದಲೇ ಗೊತ್ತಾಗಿಬಿಡುತ್ತದೆ. ಅಭ್ಯಾಸ ಇದ್ದವರು ಮೆತ್ತಗೆ ಹೊಡೆದೇ ಅದನ್ನು ಬೀಳಿಸುತ್ತಾರೆ. ನೋಡಲು ಮಜಾ ಇಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಗ್ಯಾಪ್ ಬಿಡುವುದಲ್ಲ. ಮುಂದಿನ ತುದಿಯ ಒಂದನೇ ಚೆಂಡಿನ ಬದಲು ನಡುವಿನ ಒಂಬತ್ತನೆಯದು ಸ್ಪಾಟ್ ಮೇಲೆ ಬರುವಂತೆ ಇಡೀ ಗುಂಪನ್ನು ಮುಂದೆ ಸರಿಸಿದರೆ ಆ ದಾರಿ ತಪ್ಪುತ್ತದೆ, ಹೊಡೆಯುವವನು ಮತ್ತೆ ತಲೆ ಓಡಿಸಬೇಕಾಗುತ್ತದೆ. 15 ಚೆಂಡಿನ ಏಟ್ ಬಾಲ್‌ಗಂತೂ ನಾನು ಇನ್ನು ತ್ರಿಕೋನ ಮುಟ್ಟುವುದಿಲ್ಲ.

"ಇದು ಮೋಸ" ಅನ್ನುವ ಹಿರಿಯರಿಗೆ ಒಂದು ಮಾತು. ತಾನೇ ಜೋಡಿಸಿ ತಾನೇ ಹೊಡೆಯುವ ಪದ್ಧತಿ ಇರುವಲ್ಲಿ, ಬೇಕಂತಲೇ ತನಗೆ ಅನುಕೂಲವಾದ ಕಡೆ ಸಂದಿ ಬಿಡುವ ಕೈಚಳಕ ತ್ರಿಕೋನದಲ್ಲಿ ಆಗುತ್ತದೆ. ಹಾಳೆ ಆ ಅವಕಾಶವನ್ನೇ ಕಡಿಮೆ ಮಾಡುತ್ತದೆ. ಮೋಸ ಯಾವುದು ಹೇಳಿ?

ಟೇಬಲ್ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ. ಟೇಬಲ್‌ಗೆ ಒಂದು ಹಾಳೆ ಕೊಡಿ, ಕುಟ್ಟುವುದು ನಿಂತು ನಿಮ್ಮ ಟೇಬಲ್ ಬಟ್ಟೆಯೇ ಉಳಿಯುತ್ತದೆ. ಹಾಗೆಯೇ ಅದನ್ನು ಮಡಚಿ ಚಾಕ್ ಡಬ್ಬಿಯ ಜೊತೆ ತುರುಕಬೇಡಿ. ಒಮ್ಮೆ ಮಡಿಕೆ ಬಿದ್ದರೆ ಆ ಗೆರೆಯ ಮೇಲಿನ ಚೆಂಡು ಮತ್ತೆ ಜರುಗುತ್ತದೆ, ನಾವು ಮತ್ತೆ ಟಾರ್ಚ್ ಹಿಡಿದು ಬಗ್ಗಬೇಕಾಗುತ್ತದೆ.

— ಒಬ್ಬ ಪೂಲ್ ಆಟಗಾರ