ವಾರಸುದಾರರಿಲ್ಲದ ಪ್ಯಾಕೇಜ್: ಹಳೆಯದೆಂಬ ಕಾರಣ ಸಾಲದು

ಮಾನ್ಯರೇ,

ನೋಡಿಕೊಳ್ಳುವವರಿಲ್ಲದ ಪ್ಯಾಕೇಜ್‌ಗಳನ್ನು (ಹಾಕಿಕೊಳ್ಳಲು ಸಿದ್ಧಪಡಿಸಿಟ್ಟ ತಂತ್ರಾಂಶಗಳನ್ನು) ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಕಟ್ಟಿಕೊಡುವ ಡೆಬಿಯನ್‌ನಂಥ ಸ್ವಯಂಸೇವಕರ ಯೋಜನೆ ಇಟ್ಟುಕೊಳ್ಳಬೇಕೇ, ಕೈಬಿಡಬೇಕೇ? ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಂಡು ಕೆಲಸ ನಡೆಸುವ ಕೊಡಗಿನ ಯಾವುದೇ ಶಾಲೆಗೆ, ಗ್ರಂಥಾಲಯಕ್ಕೆ ಈ ಪ್ರಶ್ನೆಯ ಬಿಸಿ ತಟ್ಟುತ್ತದೆ. ಕೈಬಿಡಲೇಬೇಕು ಎಂಬುದು ನಮ್ಮ ನಿಲುವು. ಆದರೆ ಕೊನೆಯ ಪರಿಷ್ಕರಣೆ ಯಾವ ವರ್ಷದ್ದು ಎಂಬ ಒಂದೇ ಲೆಕ್ಕ ಹಿಡಿದಲ್ಲ.

1993ರಲ್ಲಿ ಶುರುವಾದ ಡೆಬಿಯನ್‌ನ 13ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಬಂದಾಗ ಅದರಲ್ಲಿ ಸುಮಾರು 70 ಸಾವಿರ ಪ್ಯಾಕೇಜ್‌ಗಳಿದ್ದವು. ನಿರ್ವಾಹಕರು ಬಿಟ್ಟುಹೋದರೆ ಪ್ಯಾಕೇಜ್ ‘ಅನಾಥ’ ಎಂದು ಘೋಷಣೆಯಾಗಿ ಗುಣಮಟ್ಟ ತಂಡದ ಹೆಸರಿಗೆ ಸೇರುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಅದರ ಯೋಗಕ್ಷೇಮ ನೋಡುವವರು ಸಿಕ್ಕರೆಂದಲ್ಲ. ಮೂಲ ಸಂಕೇತವನ್ನು ಯಂತ್ರಕ್ಕೆ ತಕ್ಕಂತೆ ಮಾರ್ಪಡಿಸುವ ಕಂಪೈಲರ್ ಬದಲಾಗುತ್ತದೆ, ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಲೈಬ್ರರಿ ಬದಲಾಗುತ್ತದೆ, ಒಂದು ದಿನ ಮೂಲ ಸಂಕೇತದಿಂದ ಪ್ಯಾಕೇಜ್ ಬಿಲ್ಡ್ ಆಗುವುದೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಅಂಥ ನಾಲ್ಕಾರು ಪ್ಯಾಕೇಜ್‌ಗಳ ಸಲುವಾಗಿ ಸತ್ತ ಲೈಬ್ರರಿಯನ್ನೂ ಎಲ್ಲರೂ ಹೊತ್ತು ತಿರುಗಬೇಕು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ಕ್ಕೆ ಮೂಲ ತಂಡದ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿತ್ತು. ಡೆಬಿಯನ್‌ನಿಂದ ಅದು ಪೂರ್ತಿ ಹೊರಬಿದ್ದದ್ದು 2023ರ 12ನೇ ಆವೃತ್ತಿಯಲ್ಲಿ. ಅದನ್ನೇ ನೆಚ್ಚಿದ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಪೈಥಾನ್ 3ಕ್ಕೆ ಹೊಂದಿಸಬೇಕಿತ್ತು, ಇಲ್ಲವೇ ತೆಗೆಯಬೇಕಿತ್ತು. ಸಂಬಳವಿಲ್ಲದೆ ದುಡಿಯುವವರ ಬಿಡುವೆಲ್ಲ ಹೋಗುವುದು ಇಲ್ಲೇ.

ಹಾಗಾದರೆ ಯಾವುದನ್ನು ತೆಗೆಯಬೇಕು? ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಬೆಳೆಗಾರರು ಕಿತ್ತು ಸುಡುತ್ತಾರೆ. ಹಳೆಯದಾಯಿತೆಂದು ಫಸಲು ಕೊಡುವ ಗಿಡಕ್ಕೆ ಕೊಡಲಿ ಹಾಕುವುದಿಲ್ಲ. ಇಲ್ಲಿಯೂ ನೋಡಬೇಕಾದ್ದು ಅಪಾಯವನ್ನು. ಪ್ಯಾಕೇಜ್ ಹೊರಗಿನಿಂದ ಬಂದ ಕಡತ ತೆರೆಯುತ್ತದೆಯೇ, ನೆಟ್‌ವರ್ಕ್‌ನಿಂದ ಬರುವ ಕೋರಿಕೆಗೆ ಉತ್ತರಿಸುತ್ತದೆಯೇ, ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಯಂತ್ರದ ಹಿಡಿತದೊಂದಿಗೆ ನಡೆಯುತ್ತದೆಯೇ? ಚಿತ್ರ ತೋರಿಸುವ ಹಳೆಯ ಪ್ರೋಗ್ರಾಮ್ ಒಂದನ್ನೇ ತೆಗೆದುಕೊಳ್ಳಿ. ಕಡತದಲ್ಲಿ ನಮೂದಾದ ಅಗಲ, ಎತ್ತರವನ್ನು ಪರೀಕ್ಷಿಸದೆ ನಂಬಿದರೆ ಅದು ತನಗೆ ಸೇರದ ಮೆಮೊರಿಯ ಮೇಲೆ ಬರೆದುಬಿಡುತ್ತದೆ. ದಾಳಿಕೋರನಿಗೆ ಅಷ್ಟು ಸಾಕು. ಇಂಥದ್ದಕ್ಕೆ ವಾರಸುದಾರರಿಲ್ಲದಿದ್ದರೆ ಮುಲಾಜಿಲ್ಲದೆ ತೆಗೆಯಲಿ. ಆದರೆ ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳಾಗಲಿ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸವಾಗಲಿ ವರ್ಷಗಟ್ಟಲೆ ಬದಲಾಗದಿದ್ದರೆ ಅದು ರೋಗವಲ್ಲ. ಕೆಲಸ ಮುಗಿದಿದೆ, ಅಷ್ಟೇ.

ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಡೆಬಿಯನ್‌ನ ಪಾಪ್‌ಕಾನ್ ಸಮೀಕ್ಷೆಗೆ ಬಳಕೆದಾರರು ತಾವಾಗಿಯೇ ಒಪ್ಪಿಗೆ ಕೊಟ್ಟಿರಬೇಕು, ವರದಿ ವಾರಕ್ಕೊಮ್ಮೆ ಇಂಟರ್ನೆಟ್‌ನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಇಲ್ಲದ ಭಾಗಮಂಡಲದ ಕಡೆಯ ಶಾಲೆಯೊಂದು ಆ ಲೆಕ್ಕಕ್ಕೆ ಸಿಗುವುದು ಕಷ್ಟ.

ತೆಗೆದುಹಾಕಿದಾಗ ಆಗುವುದೇನು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಭಂಡಾರದಿಂದ ಹೋದ ಪ್ಯಾಕೇಜ್ ನಮ್ಮ ಕಂಪ್ಯೂಟರ್‌ನಿಂದ ತಾನಾಗಿ ಹೋಗುವುದಿಲ್ಲ. ಆವೃತ್ತಿ ಬದಲಿಸಿದ ಮೇಲೂ ಹಳೆಯದೇ ಕೂತಿರುತ್ತದೆ, ಭದ್ರತಾ ತಿದ್ದುಪಡಿ ಮಾತ್ರ ಬರುವುದಿಲ್ಲ. ‘ಆಪ್ಟ್ ಲಿಸ್ಟ್’ ಆದೇಶಕ್ಕೆ ‘?ಆಬ್ಸಲೀಟ್’ ಸೇರಿಸಿದರೆ (apt list '?obsolete') ಇಂಥವು ಪಟ್ಟಿಯಾಗುತ್ತವೆ. ‘ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್’ ಹಾಕಿಕೊಂಡು ‘ಚೆಕ್-ಸಪೋರ್ಟ್-ಸ್ಟೇಟಸ್’ (check-support-status) ನಡೆಸಿದರೆ ಬೆಂಬಲ ಮುಗಿದವುಗಳೂ ಅರೆಬರೆ ಬೆಂಬಲದವುಗಳೂ ಗೊತ್ತಾಗುತ್ತವೆ. ಆವೃತ್ತಿ ಬದಲಿಸುವ ಮುನ್ನ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಇವೆರಡನ್ನೂ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆ ಕೆಲಸಕ್ಕೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ಪ್ಯಾಕೇಜ್‌ಗಳು ಅರ್ಧಂಬರ್ಧ ನಿಲ್ಲುತ್ತವೆ, ‘ಡಿಪಿಕೆಜಿ --ಕಾನ್ಫಿಗರ್ -ಎ’ (dpkg --configure -a) ಕೊಟ್ಟು ಸರಿಪಡಿಸುತ್ತ ಕೂರಬೇಕಾಗುತ್ತದೆ.

ಯೋಜನೆಗಳಿಂದ ನಾವು ಕೇಳುವುದು ಒಂದೇ: ತೆಗೆಯುವುದಕ್ಕೆ ಒಂದು ಆವೃತ್ತಿ ಮೊದಲೇ ಬಿಡುಗಡೆ ಟಿಪ್ಪಣಿಯಲ್ಲಿ ಹೇಳಿ, ಬದಲಿ ಯಾವುದು, ಹಳೆಯ ದತ್ತಾಂಶವನ್ನು ಅದಕ್ಕೆ ಸಾಗಿಸುವುದು ಹೇಗೆ ಎಂದೂ ಬರೆಯಿರಿ.

ಯಾರಾದರೂ ಸರಿ, ದತ್ತು ತೆಗೆದುಕೊಳ್ಳಲಿ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಕಡತ ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ, ಬಸವಳಿದಿದ್ದ ಒಬ್ಬ ನಿರ್ವಾಹಕರಿಗೆ ಕೈಜೋಡಿಸುತ್ತ ನಂಬಿಕೆ ಗಳಿಸಿದವರೇ 5.6.0, 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಇಟ್ಟಿದ್ದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬರುವ ಮುನ್ನ ಅದು ಸಿಕ್ಕಿಬಿತ್ತು. ಹೊಸಬರು ಸಿದ್ಧಪಡಿಸಿದ ಪ್ಯಾಕೇಜನ್ನು ಅಧಿಕೃತ ಸದಸ್ಯರೊಬ್ಬರು ಪರಿಶೀಲಿಸಿ ಏರಿಸಬೇಕೆಂಬ ನಿಯಮ ಡೆಬಿಯನ್‌ನಲ್ಲಿದೆ. ಅದು ಸಡಿಲವಾಗಬಾರದು.

ಆ ದಾರಿಯಲ್ಲೇ ಹೋಗಲು ಕುಶಾಲನಗರ, ಪೊನ್ನಂಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಡ್ಡಿಯಿಲ್ಲ. ‘ಡೆವ್‌ಸ್ಕ್ರಿಪ್ಟ್ಸ್’ ಹಾಕಿ ‘ಡಬ್ಲ್ಯುಎನ್‌ಪಿಪಿ-ಅಲರ್ಟ್’ (wnpp-alert) ನಡೆಸಿದರೆ ತಮ್ಮ ಯಂತ್ರದಲ್ಲೇ ಇರುವ ಅನಾಥ ಪ್ಯಾಕೇಜ್‌ಗಳ ಪಟ್ಟಿ ಸಿಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅದರಲ್ಲೊಂದನ್ನು ಆರಿಸಿ, ಬಾಕಿ ದೋಷಗಳನ್ನು ಸರಿಪಡಿಸಲು ಕಾಲೇಜುಗಳು ಅವಕಾಶ ಕೊಡಲಿ. ಕನ್ನಡಕ್ಕೆ ಸಂಬಂಧಿಸಿದ್ದು ಸಿಕ್ಕರೆ ಮೊದಲು ಅದನ್ನೇ ಎತ್ತಿಕೊಳ್ಳಲಿ. ಅರ್ಕಾವೊತ್ತು ತನ್ನ ಜಾಗದಲ್ಲಿ ಮೂಡಿದೆಯೇ ಎಂದು ನೋಡಿ ಹೇಳಬಲ್ಲವರು ಆ ಯೋಜನೆಗಳಿಗೆ ತುರ್ತಾಗಿ ಬೇಕಾಗಿದ್ದಾರೆ.

– ಶಾಲಾ ಕಂಪ್ಯೂಟರ್ ನಿರ್ವಹಣೆಯ ಸ್ವಯಂಸೇವಕರು, ವಿರಾಜಪೇಟೆ