ಏಚಾನ್ ಕ್ಲಿಪ್ ನೋಡುವವರಿಗೆ

ಎಲ್ಲರ ಗಮನಕ್ಕೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವ ಆಟಗಾರ ಡೆವಾನ್ ಏಚಾನ್‌ನ ಉದ್ದ ಓಟಗಳನ್ನು ನೋಡುವಾಗ ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಮೊದಲ ಸಲ ಮುಂದಿನ ಸಾಲಿನಲ್ಲಿ (ಲೈನ್) ಅವನಿಗೆ ದಾರಿ ಮಾಡಿಕೊಡುವ ಗಾರ್ಡ್, ಟ್ಯಾಕಲ್‌ಗಳನ್ನು ನೋಡಿ, ಎರಡನೇ ಸಲ ಎದುರಾಳಿಯ ಕೊನೆಯ ಕಾವಲುಗಾರ ಸೇಫ್ಟಿಯನ್ನು ಮಾತ್ರ.

ಮೈದಾನದ ಅಂಚಿನತ್ತ ಸಾಗುವ ಔಟ್‌ಸೈಡ್ ಜೋನ್ ಓಟದಲ್ಲಿ ಲೈನಿನವರೆಲ್ಲ ಒಂದೇ ಬದಿಗೆ ಸರಿಯುತ್ತಾರೆ. ಚೆಂಡು ಹಿಡಿದವನು ಮೊದಲ ಕೆಲವು ಹೆಜ್ಜೆ ಅಂಚಿನತ್ತಲೇ ಹೋಗುವಂತೆ ತೋರಿಸಬೇಕು. ಲೈನ್‌ಬ್ಯಾಕರ್ (ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವವನು) ಆ ಕಡೆ ವಾಲಿದ ಕೂಡಲೇ ಹೊರಗಾಲು ಊರಿ ಒಂದು ಕಟ್, ಅಂದರೆ ದಿಢೀರ್ ತಿರುವು, ಒಂದೇ. ಅವಸರಪಟ್ಟು ಮುಂಚೆಯೇ ತಿರುಗಿದರೆ ಲೈನ್‌ಬ್ಯಾಕರ್ ಇನ್ನೂ ದಾರಿಯಲ್ಲೇ ನಿಂತಿರುತ್ತಾನೆ. ಎರಡನೇ ಕಟ್ ಹಾಕಿದರೆ ವೇಗ ಸತ್ತು, ಹಿಂದಿನಿಂದ ಬರುವವನು ಸೊಂಟ ಹಿಡಿಯುತ್ತಾನೆ.

ಆಮೇಲೆ ಉಳಿಯುವುದು ಸೇಫ್ಟಿಯ ಲೆಕ್ಕ. ಅವನು ಮಾಮೂಲಿ ಓಟಗಾರನ ವೇಗಕ್ಕೆ ಅಂದಾಜು ಹಾಕಿ ಅಡ್ಡ ಬರುತ್ತಾನೆ. ಕಾಲೇಜಿನಲ್ಲಿ 100 ಮೀಟರನ್ನು 10.14 ಸೆಕೆಂಡಿನಲ್ಲಿ ಓಡಿದ ಹುಡುಗ ಅಷ್ಟರಲ್ಲಿ ಆ ಜಾಗ ದಾಟಿರುತ್ತಾನೆ. ಸೇಫ್ಟಿಯ ಕೈಗೆ ಸಿಗುವುದು ಬೆನ್ನು, ಅದೂ ಸಿಕ್ಕರೆ!

ಇನ್ನು ಅಂಕಿ. ಮಯಾಮಿ ಡಾಲ್ಫಿನ್ಸ್‌ನಲ್ಲಿ ಮೊದಲ ಸೀಸನ್, 2023: 103 ಓಟ, 800 ಗಜ, ಓಟಕ್ಕೆ ಸರಾಸರಿ 7.8 ಗಜ. ಡೆನ್ವರ್ ತಂಡದ ಎದುರಿನ 67 ಗಜ, ಜೈಂಟ್ಸ್ ತಂಡದ ಎದುರಿನ 76 ಗಜ, ಈ ಎರಡು ಓಟಗಳನ್ನು ತೆಗೆದರೆ 6.5ಕ್ಕೆ ಇಳಿಯುತ್ತದೆ. ಅದೂ ಕಮ್ಮಿಯೇನಲ್ಲ ಬಿಡಿ. ಆದರೂ ಬರೀ ಸರಾಸರಿ ಹಿಡಿದು ವಾದಕ್ಕಿಳಿಯಬೇಡಿ, ಹತ್ತು ಗಜ ದಾಟಿದ ಓಟಗಳನ್ನು ಎಣಿಸಿ. ಕ್ಲಿಪ್ ಹಾಕುವಾಗ ಎದುರಾಳಿ ಯಾರು, ಎಷ್ಟನೇ ಕ್ವಾರ್ಟರ್ ಎಂದೂ ಬರೆಯಿರಿ.