ಮೊದಲ ಸಲ ಓಟಕ್ಕೆ ಇಳಿಯುವ ಮಕ್ಕಳ ಮನೆಯವರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ವರ್ಷದ ಕ್ರೀಡಾಕೂಟಕ್ಕೆ ಐದನೇ ತರಗತಿಯ ಮಕ್ಕಳೂ ಹೆಸರು ಕೊಟ್ಟಿದ್ದಾರೆ. ಅವರಿಗೆ ಇದು ಮೊದಲ ವರ್ಷ, ನಿಮ್ಮಲ್ಲಿ ತುಂಬಾ ಜನಕ್ಕೂ ಮೊದಲ ವರ್ಷವೇ. ಗೇಟಿನ ಹತ್ತಿರ ನನ್ನನ್ನೂ ಪಿ.ಟಿ. ಮೇಷ್ಟ್ರನ್ನೂ ನಿಲ್ಲಿಸಿ ನೀವು ಕೇಳುತ್ತಿರುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಯಾವ ಶೂ ತರಬೇಕು, ಏನು ತಿನ್ನಿಸಬೇಕು, ನಮ್ಮ ಮಗು ಗೆಲ್ಲುತ್ತಾ. ಮೊದಲ ಎರಡಕ್ಕೆ ಕೆಳಗೆ ಉತ್ತರ ಬರೆದಿದ್ದೇನೆ. ಮೂರನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಈ ವರ್ಷ ಬಹುಶಃ ಇಲ್ಲ. ಯಾಕೆ ಅಂತ ದಯವಿಟ್ಟು ಪೂರ್ತಿ ಓದಿ.

14 ವರ್ಷದೊಳಗಿನವರು ಅಂದರೆ ಒಂದೇ ಗುಂಪು. ಹತ್ತು ತುಂಬಿದ ಮಗುವೂ ಅದೇ ಸುಣ್ಣದ ಗೆರೆಯ ಮೇಲೆ ನಿಲ್ಲುತ್ತದೆ, ಹದಿಮೂರು ತುಂಬಿದ ಮಗುವೂ ಅಲ್ಲೇ ನಿಲ್ಲುತ್ತದೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ 11–12ರ ಹೊತ್ತಿಗೆ, ಗಂಡುಮಕ್ಕಳು 13–14ರ ಹೊತ್ತಿಗೆ ಒಮ್ಮೆಲೇ ಉದ್ದ ಬೆಳೆಯುತ್ತಾರೆ, ಆದರೆ ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರಿಗೆ ಇದು ಬೇಗ ಆಗುತ್ತದೆ, ಇನ್ನೊಬ್ಬರಿಗೆ ಎರಡು ವರ್ಷ ತಡವಾಗಬಹುದು. ಬೇಗ ಬೆಳೆದವರ ಕಾಲು ಉದ್ದ, ಹೆಜ್ಜೆ ಉದ್ದ, ಬಲ ಜಾಸ್ತಿ. ಅವರು ಗೆಲ್ಲುತ್ತಾರೆ. ಅವರಲ್ಲಿ ಪ್ರತಿಭೆ ಇಲ್ಲ ಅಂತ ನಾನು ಹೇಳುತ್ತಿಲ್ಲ, ಆದರೆ ಆ ಗೆಲುವಿನಲ್ಲಿ ಬೆಳವಣಿಗೆಯ ಪಾಲೂ ಇದೆ. ತಡವಾಗಿ ಬೆಳೆಯುವ ಮಗು ಎರಡು ಮೂರು ವರ್ಷ ಹಿಂದೆ ಉಳಿದು, ನನಗೆ ಓಟ ಬರಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡು, ಸರಿಯಾಗಿ ತನ್ನ ಕಾಲು ಬೆಳೆಯುವ ಹೊತ್ತಿಗೆ ಮೈದಾನಕ್ಕೆ ಬರುವುದನ್ನೇ ಬಿಟ್ಟುಬಿಡುತ್ತದೆ. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ನನಗೆ ತುಂಬಾ ಬೇಜಾರು ಮಾಡಿರುವ ಸಂಗತಿ ಇದು.

ಇನ್ನೊಂದು ತೊಂದರೆ ಇದೆ. ಹೋಬಳಿ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ವಿಭಾಗ, ರಾಜ್ಯ. ಮೊದಲ ಒಂದೆರಡು ಸ್ಥಾನದವರು ಮುಂದಕ್ಕೆ ಹೋಗುತ್ತಾರೆ, ಉಳಿದವರು ಮನೆಗೆ. ಅಂದರೆ ಜೂನ್‌ನಿಂದ ಮಳೆಯಲ್ಲಿ ಕೆಸರಲ್ಲಿ ಅಭ್ಯಾಸ ಮಾಡಿದ ಮಗುವಿನ ಇಡೀ ವರ್ಷದ ಓಟ, ಶ್ರಾವಣದ ಒಂದು ಬೆಳಿಗ್ಗೆ, ಒಂದು ಸೀಟಿಗೆ, ಇಪ್ಪತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಇದು ಸರಿ ಅಲ್ಲ ಅಲ್ವಾ?

ಅದಕ್ಕೇ ಈ ವರ್ಷ ನಾವು ಒಂದು ನಿರ್ಧಾರ ಮಾಡಿದ್ದೇವೆ. ಹೋಬಳಿ ಕೂಟದಲ್ಲಿ ಏನೇ ಆಗಲಿ, ಜನವರಿವರೆಗೂ ಪ್ರತಿ ತಿಂಗಳ ಕೊನೆಯ ಶನಿವಾರ ಶಾಲೆಯಲ್ಲೇ ನಮ್ಮದೇ ಒಂದು ಸಣ್ಣ ಕೂಟ. ಪದಕ ಇಲ್ಲ, ವೀರಾಗ್ರಣಿ ಪ್ರಶಸ್ತಿ ಇಲ್ಲ. ಪ್ರತಿ ಮಗುವಿಗೂ ಒಂದು ಸಣ್ಣ ಪುಸ್ತಕ ಕೊಡುತ್ತೇವೆ, ಅದರಲ್ಲಿ ಅವರ ಓಟದ ಸಮಯ, ಜಿಗಿತದ ಅಳತೆ, ಎಸೆತದ ದೂರ ಬರೆಯುತ್ತೇವೆ. ಮುಂದಿನ ತಿಂಗಳು ಅದನ್ನು ತೆಗೆದು ನೋಡುತ್ತೇವೆ. ಹತ್ತು ವರ್ಷದ ಮಗು ತನ್ನ ಹೋದ ತಿಂಗಳ ಉದ್ದ ಜಿಗಿತಕ್ಕಿಂತ ನಾಲ್ಕು ಬೆರಳು ಮುಂದೆ ಬಿದ್ದರೆ ಅದಕ್ಕೆ ಆಗುವ ಖುಷಿ ನಿಜವಾದ ಖುಷಿ, ಅದನ್ನು ಪಕ್ಕದ ಲೇನಿನ ಎತ್ತರದ ಹುಡುಗ ಕಿತ್ತುಕೊಳ್ಳಲಾರ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ ಚಿಕ್ಕ ಮಕ್ಕಳಿಗೆ ಅಂತ ನಡೆಸುವ ಕಿಡ್ಸ್ ಅಥ್ಲೆಟಿಕ್ಸ್ ಕಾರ್ಯಕ್ರಮದಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಸೇರಿ ಓಡುತ್ತಾರೆ, ಜಿಗಿಯುತ್ತಾರೆ, ಎಸೆಯುತ್ತಾರೆ, ಎಲ್ಲರ ಅಂಕ ಕೂಡಿಸಿ ತಂಡದ ಅಂಕ ಆಗುತ್ತದೆ. ನಾವೂ ಹಾಗೇ ಮಾಡುತ್ತೇವೆ. ಕೊನೆಯಲ್ಲಿ ಬರುವ ಮಗುವಿನ ಅಂಕವೂ ತಂಡಕ್ಕೆ ಬೇಕು ಅನ್ನುವುದು ಆ ಮಗುವಿಗೆ ಗೊತ್ತಾಗಬೇಕು.

ಎಲ್ಲರೂ ಎಲ್ಲವನ್ನೂ ಮಾಡಲಿ. ಇವನು 100 ಮೀಟರ್ ಓಟಗಾರ, ಇವಳು ಗುಂಡು ಎಸೆತದವಳು ಅಂತ ಈಗಲೇ ಚೀಟಿ ಅಂಟಿಸುವುದು ಬೇಡ. ನೀರಜ್ ಚೋಪ್ರಾ ಚಿಕ್ಕವರಿದ್ದಾಗ ದಪ್ಪಗಿದ್ದರು, ತೂಕ ಕಡಿಮೆ ಆಗಲಿ ಅಂತ ಮನೆಯವರು ಕಳಿಸಿದ ಮೇಲೆ ಪಾಣಿಪತ್‌ನ ಮೈದಾನದಲ್ಲಿ ಜಾವೆಲಿನ್ ಕಣ್ಣಿಗೆ ಬಿತ್ತು. 2021ರಲ್ಲಿ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಉಸೇನ್ ಬೋಲ್ಟ್‌ಗೆ ಶಾಲೆಯಲ್ಲಿ ಕ್ರಿಕೆಟ್ ಅಂದರೆ ಪ್ರಾಣ, ಅವರ ಓಟ ನೋಡಿ ಟ್ರ್ಯಾಕಿಗೆ ಹೋಗು ಅಂದಿದ್ದು ಕ್ರಿಕೆಟ್ ಕೋಚ್. ನಿಮ್ಮ ಮಗಳು ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದರೆ, ಮಗ ಖೊ ಖೊ ಅಥವಾ ಲಗೋರಿ ಆಡುತ್ತಿದ್ದರೆ, ಅಭ್ಯಾಸಕ್ಕೆ ಹೋಗು ಅಂತ ಎಬ್ಬಿಸಬೇಡಿ. ಒಂಟಿ ಕಾಲಲ್ಲಿ ಕುಪ್ಪಳಿಸುವುದು, ತಟ್ಟನೆ ನಿಲ್ಲುವುದು, ತಿರುಗಿ ಓಡುವುದು, ಈ ವಯಸ್ಸಿಗೆ ಬೇಕಾದ ಅಭ್ಯಾಸ ಅದರಲ್ಲೇ ಇದೆ. ಶಾಲೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ವಾರಕ್ಕೆ ಮೂರು ದಿನ. ಅಷ್ಟು ಸಾಕು. ಅದರ ಮೇಲೆ ಮನೆಯಲ್ಲಿ ಐದು ಗಂಟೆಗೆ ಎಬ್ಬಿಸಿ ಊರ ಸುತ್ತ ಓಡಿಸುವುದು ಬೇಡ.

ಇನ್ನು ಕೂಟದ ದಿನದ ವಿಷಯ. ನೀವು ಬನ್ನಿ, ಅಜ್ಜಿ ತಾತನನ್ನೂ ಕರೆತನ್ನಿ. ನೋಡುವಾಗ ಕೆಲವು ಸಂಗತಿ ಗೊತ್ತಿದ್ದರೆ ಒಳ್ಳೆಯದು. 200, 400 ಮೀಟರ್ ಓಟ ಶುರುವಾಗುವಾಗ ಹೊರಗಿನ ಲೇನಿನ ಮಕ್ಕಳು ಮುಂದೆ ನಿಂತಿರುತ್ತಾರೆ. ಪ್ರತಿ ವರ್ಷ ಯಾರಾದರೂ ಮೋಸ, ಮೋಸ ಅಂತ ಕೂಗುತ್ತಾರೆ. ಮೋಸ ಅಲ್ಲ. ತಿರುವಿನಲ್ಲಿ ಹೊರಗಿನ ಲೇನಿನ ದಾರಿ ಉದ್ದ, ಅದನ್ನು ಸರಿ ಮಾಡಲು ಮುಂದೆ ನಿಲ್ಲಿಸುತ್ತಾರೆ. ಪೂರ್ತಿ ಅಳತೆಯ 400 ಮೀಟರ್ ಟ್ರ್ಯಾಕಿನಲ್ಲಿ ಲೇನಿನ ಅಗಲ 1.22 ಮೀಟರ್ ಇರುತ್ತದೆ, ಒಂದು ಪೂರ್ತಿ ಸುತ್ತಿಗೆ ಎರಡನೇ ಲೇನಿನವರು ಮೊದಲ ಲೇನಿನವರಿಗಿಂತ ಸುಮಾರು 7 ಮೀಟರ್ ಮುಂದೆ ನಿಲ್ಲಬೇಕು.

ಓಟದಲ್ಲಿ ಸ್ಥಾನ ಕೊಡುವುದು ಎದೆ ಯಾವಾಗ ಗೆರೆ ಮುಟ್ಟಿತು ಅಂತ ನೋಡಿ. ಕಾಲು, ತಲೆ, ಚಾಚಿದ ಕೈ ಯಾವುದೂ ಲೆಕ್ಕಕ್ಕಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಕಳೆದುಕೊಂಡಿದ್ದು ಸೆಕೆಂಡಿನ ನೂರನೇ ಒಂದು ಭಾಗಕ್ಕೆ. ಮೊದಲ ವರ್ಷದ ಮಕ್ಕಳು ಗೆರೆಗೆ ಐದು ಹೆಜ್ಜೆ ಇರುವಾಗಲೇ ನಿಧಾನ ಮಾಡುತ್ತಾರೆ, ಇಲ್ಲವೇ ಅಮ್ಮ ಎಲ್ಲಿ ಅಂತ ಪಕ್ಕಕ್ಕೆ ತಿರುಗಿ ನೋಡುತ್ತಾರೆ. ಹಾಗಾಗಿ ನೀವು ನಡುವೆ ನಿಂತು ಹೆಸರು ಕೂಗಬೇಡಿ, ಗೆರೆಯಿಂದ ಹತ್ತು ಹೆಜ್ಜೆ ಆಚೆ ನಿಲ್ಲಿ. ನಿಮ್ಮ ಕಡೆಗೇ ಓಡಿ ಬರುತ್ತಾರೆ.

ಉದ್ದ ಜಿಗಿತದಲ್ಲಿ ಮರಳಿನಲ್ಲಿ, ಕಾಲಿಟ್ಟು ಜಿಗಿಯುವ ಹಲಗೆಗೆ ಹತ್ತಿರ ಬಿದ್ದ ಗುರುತನ್ನೇ ಅಳೆಯುತ್ತಾರೆ. ಚೆನ್ನಾಗಿ ಹಾರಿ ಹಿಂದಕ್ಕೆ ಕೈ ಊರಿದರೆ ಕೈಯ ಗುರುತೇ ಲೆಕ್ಕ. ರಿಲೇಯಲ್ಲಿ ಬ್ಯಾಟನ್ (ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕೋಲು) ಬಿದ್ದರೆ ಎಲ್ಲ ಮುಗಿಯಿತು ಅಂತ ಅಲ್ಲ, ಬೀಳಿಸಿದವರೇ ಎತ್ತಿಕೊಂಡು, ಬೇರೆಯವರಿಗೆ ಅಡ್ಡ ಹೋಗದೆ ಓಟ ಮುಂದುವರಿಸಬಹುದು. ಇದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಆದರೂ ಬೀಳಿಸಿದ ಮಗು ಅಳುತ್ತದೆ, ಉಳಿದ ಮೂವರು ಅದನ್ನು ಬೈಯುತ್ತಾರೆ. ಆಗ ನೀವು ಬೇಲಿಯ ಆಚೆಯಿಂದ ಆ ಬೈಗುಳಕ್ಕೆ ದನಿ ಸೇರಿಸಬೇಡಿ. ಯಾರ ಮಗುವಾದರೂ ಸರಿ.

ಕೊನೆಗೆ ಬಂದ ಮಗುವನ್ನು ನಲ್ಲಿ ಹತ್ತಿರ ಎಲ್ಲರ ಮುಂದೆ ಗದರಿಸುವುದನ್ನು ನಾನು ಬೇರೆ ಬೇರೆ ಕೂಟಗಳಲ್ಲಿ ನೋಡಿದ್ದೇನೆ. ನಮ್ಮ ಶಾಲೆಯ ಮಗುವಿಗೆ ಹಾಗೆ ಆದರೆ ನಾನು ಮಧ್ಯೆ ಬಂದೇ ಬರುತ್ತೇನೆ, ಮೊದಲೇ ಹೇಳಿಬಿಟ್ಟಿದ್ದೇನೆ. ಮನೆಗೆ ಹೋಗುವ ದಾರಿಯಲ್ಲಿ ಓಟದ ವಿಮರ್ಶೆ ಬೇಡ. ಹಸಿವಾಗಿದೆಯಾ ಅಂತ ಕೇಳಿ. ಓಟದ ಬಗ್ಗೆ ಮಾತು ಮಗುವೇ ತೆಗೆದರೆ ತೆಗೆಯಲಿ, ಆಗ ಕೂತು ಕೇಳಿ.

ಊಟ. ಓಟಕ್ಕೆ ಎರಡು ಮೂರು ಗಂಟೆ ಮುಂಚೆ ಇಡ್ಲಿ, ಚಪಾತಿ, ಸ್ವಲ್ಪ ಚಿತ್ರಾನ್ನ, ಮನೆಯಲ್ಲಿ ದಿನಾ ತಿನ್ನುವುದು ಯಾವುದಾದರೂ ಸರಿ. ಆಮೇಲೆ ಒಂದು ಬಾಳೆಹಣ್ಣು, ನೀರು, ಮಜ್ಜಿಗೆ. 100 ಮೀಟರ್ ಓಟಕ್ಕೆ ಗ್ಲೂಕೋಸ್ ಪುಡಿಯಿಂದ ಏನೂ ಆಗಲ್ಲ, ಅಷ್ಟು ಹೊತ್ತಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಆಗಲೇ ಇರುತ್ತದೆ. ಎನರ್ಜಿ ಡ್ರಿಂಕ್ ಡಬ್ಬಿ ಯಾರ ಕೈಯಲ್ಲೂ ಕಾಣಬಾರದು. ಮಕ್ಕಳಿಗೆ ಕೊಡಬೇಡಿ ಅಂತ ಆ ಡಬ್ಬಿಯ ಮೇಲೇ ಬರೆದಿರುತ್ತದೆ.

ಶೂಗೆ ಜಾಸ್ತಿ ದುಡ್ಡು ಹಾಕಬೇಡಿ. ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆ ಇರುವ ಓಟದ ಶೂ, ಈ ವರ್ಷ ಬೇಡವೇ ಬೇಡ. ಕಾಲಿಗೆ ಸರಿಯಾಗಿ ಕೂರುವ, ಬಗ್ಗುವ ಸಾದಾ ಶೂ ಇದ್ದರೆ ಸಾಕು, ಬರಿಗಾಲಲ್ಲಿ ಓಡಿ ರೂಢಿ ಇರುವವರು ಹಾಗೇ ಓಡಲಿ. ಸಾಲ ಮಾಡಿ ಟ್ರ್ಯಾಕ್ ಸೂಟ್ ತರಬೇಡಿ, ದಯವಿಟ್ಟು.

ನೋವಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಈ ವಯಸ್ಸಿನಲ್ಲಿ ಹಿಮ್ಮಡಿ ಹಿಂದೆ, ಮಂಡಿ ಕೆಳಗೆ ನೋವು ಬರುವುದುಂಟು, ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ, ಓಟ ಜಾಸ್ತಿಯಾದರೆ ಅಲ್ಲಿ ಎಳೆತ ಬೀಳುತ್ತದೆ. ಸುಮ್ನೆ ನೆಪ ಹೇಳ್ತಾನೆ ಅಂದುಕೊಳ್ಳಬೇಡಿ. ಮೇಷ್ಟ್ರಿಗೆ ತಿಳಿಸಿ, ವಿಶ್ರಾಂತಿ ಕೊಡುತ್ತೇವೆ. ಕುಂಟುತ್ತಿದ್ದರೆ, ಊತ ಇದ್ದರೆ, ಕೆಲವು ದಿನವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು, ತಂದೆಯರೂ ಓದಿ. ಚಡ್ಡಿ ಹಾಕಿಕೊಳ್ಳಲು ಸಂಕೋಚ ಅಂದರೆ ಲೆಗ್ಗಿಂಗ್ಸ್ ಹಾಕಿಕೊಂಡು ಓಡಲಿ, ಬಟ್ಟೆಯ ಕಾರಣಕ್ಕೆ ಯಾರೂ ಓಟ ಬಿಡಬಾರದು. ಮುಟ್ಟಾದ ದಿನ ಓಡಲೇಬಾರದು ಅಂತೇನಿಲ್ಲ, ಓಡಲೇಬೇಕು ಅಂತಲೂ ಇಲ್ಲ, ಅದು ಅವಳಿಗೆ ಹೇಗನ್ನಿಸುತ್ತದೋ ಹಾಗೆ. ಶಾಲೆಯಲ್ಲಿ ಪ್ಯಾಡ್ ಇದೆ, ಕೂಟಕ್ಕೂ ತೆಗೆದುಕೊಂಡು ಹೋಗುತ್ತೇವೆ, ಜೊತೆಗೆ ಒಬ್ಬರು ಮೇಡಂ ಇದ್ದೇ ಇರುತ್ತಾರೆ. ಏಳನೇ ತರಗತಿ ಆಯಿತು, ದೊಡ್ಡವಳಾದಳು, ಇನ್ನು ಓಟ ಸಾಕು ಅಂತ ಮನೆಯಲ್ಲಿ ಮಾತು ಬಂದರೆ, ಹೆಸರು ತೆಗೆಸುವ ಮುಂಚೆ ಒಂದು ಸಲ ನನ್ನ ಹತ್ತಿರ ಬಂದು ಮಾತಾಡಿ.

ವಯಸ್ಸಿನ ದಾಖಲೆ ಬಗ್ಗೆ ನೇರವಾಗಿ ಹೇಳುತ್ತೇನೆ. ಜನ್ಮ ದಿನಾಂಕ ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ) ಇರುವುದೇ. ಗೆಲ್ಲಲಿ ಅಂತ ಬೇರೆ ತಾರೀಕು ಹಾಕಿಕೊಡಿ, ಬೇರೆ ಮಗುವಿನ ಹೆಸರಲ್ಲಿ ಓಡಿಸಿ ಅಂತ ಯಾರೂ ಕೇಳಬೇಡಿ. ನಾನು ಸಹಿ ಮಾಡುವುದಿಲ್ಲ. ಒಂದು ವರ್ಷ ದೊಡ್ಡ ಮಗುವನ್ನು ಒಳಗೆ ನುಗ್ಗಿಸಿದರೆ, ಆಚೆ ಹೋಗುವುದು ಇನ್ನೊಬ್ಬರ ಮನೆಯ ಚಿಕ್ಕ ಮಗು.

ಜನ್ಮ ಪ್ರಮಾಣಪತ್ರದ ಪ್ರತಿ, ಆಧಾರ್ ಪ್ರತಿ, ಎರಡು ಫೋಟೋ, ನಿಮ್ಮ ಸಹಿ ಇರುವ ಒಪ್ಪಿಗೆ ಪತ್ರ, ಇವಿಷ್ಟನ್ನೂ ಈ ಶುಕ್ರವಾರದೊಳಗೆ ಪಿ.ಟಿ. ಮೇಷ್ಟ್ರಿಗೆ ತಲುಪಿಸಿ. ಉಬ್ಬಸ, ಮೂರ್ಛೆ, ಹೃದಯದ ತೊಂದರೆ ಏನಾದರೂ ಇದ್ದರೆ ಒಪ್ಪಿಗೆ ಪತ್ರದಲ್ಲಿ ತಪ್ಪದೆ ಬರೆಯಿರಿ, ಮುಚ್ಚಿಡಬೇಡಿ, ಅದರಿಂದ ಮಗುವಿನ ಹೆಸರು ತಾನಾಗಿ ಹೋಗುವುದಿಲ್ಲ, ಡಾಕ್ಟರನ್ನು ಕೇಳಿ ಮುಂದುವರಿಯುತ್ತೇವೆ. ತಿಂಗಳ ಕೊನೆಯ ಶನಿವಾರದ ಕೂಟಕ್ಕೆ ಸುಣ್ಣದ ಗೆರೆ ಹಾಕಲು, ಟೇಪ್ ಹಿಡಿಯಲು, ಸಮಯ ಬರೆದುಕೊಳ್ಳಲು ನಾಲ್ಕೈದು ಜನ ಬೇಕು. ಬೆಳಿಗ್ಗೆ ಎಂಟಕ್ಕೆ ಬಂದು ಹತ್ತೂವರೆಗೆ ಹೋಗಬಹುದು. ಬರುವವರು ಆಫೀಸಿನಲ್ಲಿ ಹೆಸರು ಬರೆಸಿ.

ಇಂತಿ,
ಮುಖ್ಯ ಶಿಕ್ಷಕಿ